ಅಳಿಸಿದ ಸುತ್ತು

ಜಾಝ್ ಆಲ್ಬಮ್ಮೊಂದರ ಧ್ವನಿಮುದ್ರಣಕ್ಕೆ ವಾದ್ಯಗಳೆಲ್ಲ ಸ್ಟುಡಿಯೋದಲ್ಲಿ ಕೂಡಿದ್ದವು. ಮೊದಲ ಸುತ್ತಿನಲ್ಲೇ ಸ್ಯಾಕ್ಸೊಫೋನು ನಡುವೆ ರಾಗದ ದಾರಿ ತಪ್ಪಿ, ಎಲ್ಲೆಲ್ಲೋ ಅಲೆದು, ಹೇಗೋ ಮನೆ ಸೇರಿತು. ನಾಚಿಕೆಯಿಂದ ಅದಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಅದನ್ನು ಅಳಿಸಿಬಿಡು,” ಎಂದು ಟೇಪಿಗೆ ಹೇಳಿತು.

“ಅಳಿಸಿದರೆ ಮತ್ತೆ ಸಿಗುವುದಿಲ್ಲ, ಸ್ವಾಮಿ,” ಎಂದಿತು ಟೇಪು.

“ಇರಲಿ ಬಿಡಣ್ಣ,” ಎಂದಿತು ಮೂಲೆಯಲ್ಲಿದ್ದ ಆಳೆತ್ತರದ ತಂತಿವಾದ್ಯ ಡಬಲ್ ಬೇಸ್. “ನೀನು ಕಳೆದುಹೋದೆ ಅಂತ ನಾವೆಲ್ಲ ಹುಡುಕಿಕೊಂಡು ಓಡಿದೆವು. ಹಾಗೆ ನಾವು ಯಾವತ್ತೂ ಓಡಿರಲಿಲ್ಲ.”

“ನಿಮ್ಮ ಓಟ ಯಾರಿಗೆ ಬೇಕು? ಇದು ನನ್ನ ಮರ್ಯಾದೆಯ ಪ್ರಶ್ನೆ.”

ಟೇಪು ಅಳಿಸಿತು. ಮತ್ತೆ ಮತ್ತೆ ನುಡಿಸಿ, ಕೊನೆಗೊಮ್ಮೆ ಒಂದು ಸ್ವರವೂ ತಪ್ಪದೆ ಮುಗಿಸಿದವು. ಆ ಸಲ ಯಾರೂ ಯಾರನ್ನೂ ಹುಡುಕಬೇಕಾಗಲಿಲ್ಲ. ಡ್ರಮ್ಮು ಆಕಳಿಸಿತು.

ಜನ ಆ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆಧುನಿಕ ಜಾಝ್‌ನ ಮೇರುಕೃತಿ ಎಂದರು. ಸ್ಯಾಕ್ಸೊಫೋನಿಗೆ ಮಾತ್ರ ನೆಮ್ಮದಿಯಿಲ್ಲ. ಅಂದು ತಪ್ಪಿ ಹೋದ ದಾರಿಯನ್ನು ಊರೂರಿನ ವೇದಿಕೆಗಳಲ್ಲಿ ಹುಡುಕಿತು, ಸಿಗಲಿಲ್ಲ. ಕಡೆಗೆ ಟೇಪಿನ ಬಳಿಗೇ ಬಂದು, “ಆ ಮೊದಲ ಸುತ್ತಿನಲ್ಲಿ ಒಂದು ಚೂರಾದರೂ ಉಳಿದಿಲ್ಲವೆ?” ಎಂದು ಕೇಳಿತು.

“ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ ನಾನು, ಸ್ವಾಮಿ,” ಎಂದಿತು ಟೇಪು.