ಉಮಾಪತಿ ಕೊರಳಿಗೆ ಕರುವಿನ ಗಂಟೆ

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಗುರುಸಿದ್ಧಯ್ಯ ಅಂತ ಒಬ್ಬ ಗುರು, ಮೂವತ್ತು ದಾಟಿದ ಉಮಾಪತಿ ಅಂತ ಒಬ್ಬ ಶಿಷ್ಯ, ಕೌಲಿ ಅಂತ ಒಂದು ಹಸು. ಮೂವರಲ್ಲಿ ಫೋನ್ ಇದ್ದದ್ದು ಉಮಾಪತಿ ಹತ್ರ ಮಾತ್ರ. ಹಾಗಾಗಿ ತಲೆಬಿಸಿ ಇದ್ದದ್ದೂ ಅವನೊಬ್ಬನಿಗೇ.

ಒಂದು ಬೆಳಿಗ್ಗೆ ಮೆಸೇಜ್ ಬಂತು. "ಪ್ರಿಯ ಗ್ರಾಹಕರೇ, ನಿಮ್ಮ ಖಾತೆ ಇನ್ನು ಅರ್ಧ ಗಂಟೆಯಲ್ಲಿ ಬಂದ್ ಆಗಲಿದೆ. ಕೂಡಲೇ ಈ ಲಿಂಕ್ ಒತ್ತಿ ವಿವರ ತುಂಬಿಸಿ. ಇಂತಿ, ನಿಮ್ಮ ಬ್ಯಾಂಕ್."

ಉಮಾಪತಿ ಅದನ್ನ ಎರಡೆರಡು ಸಲ ಓದಿದ. ಆ ಖಾತೇಲಿದ್ದದ್ದು ದಾಸೋಹದ ದುಡ್ಡು. ದಿನಾ ಮಧ್ಯಾಹ್ನ ನಲವತ್ತು ಜನ ಅದರಲ್ಲೇ ಉಣ್ಣೋದು. ನೋಡ್ಕೋ ಅಂತ ಗುರುಗಳು ಒಪ್ಪಿಸಿದ್ದೂ ಅವನಿಗೇ.

ಲಿಂಕ್ ಒತ್ತಿದ. ಕಾರ್ಡ್ ನಂಬರ್ ತುಂಬಿಸಿದ. ಆರಂಕಿಯ ಓಟಿಪಿ ಬಂತು. ಅದೊಂದು ಹಾಕೋದು ಬಾಕಿ. ಗುರುಗಳನ್ನ ಒಂದು ಮಾತು ಕೇಳೋಣ ಅಂತ ಕೊಟ್ಟಿಗೆಗೆ ಓಡಿದ.

ಗುರುಗಳು ಕೌಲಿ ಮೈ ತಿಕ್ತಾ ಇದ್ದರು. ಪಕ್ಕದಲ್ಲೇ ಅವಳ ಕರು ಕಟ್ಟಿತ್ತು.

"ಬುದ್ಧೀ, ಬ್ಯಾಂಕಿನೋರು ಮೆಸೇಜ್ ಕಳಿಸವ್ರೆ. ಖಾತೆ ಬಂದ್ ಆಗುತ್ತಂತೆ. ಓಟಿಪಿ ಕೊಟ್ಬಿಡ್ಲಾ?"

"ಬ್ಯಾಂಕಿನೋರೇ ಅಂತ ಹೆಂಗ್ ಗೊತ್ತಾಯ್ತು?"

"ಅವರೇ ಬರೆದವ್ರಲ್ಲ, ಇಂತಿ ನಿಮ್ಮ ಬ್ಯಾಂಕ್ ಅಂತ."

"ಓಹೋ." ಗುರುಗಳು ಕರು ಹತ್ರ ಹೋಗಿ ಅದರ ಕೊರಳಿನ ಗಂಟೆ ಬಿಚ್ಚಿದರು. "ಬಗ್ಗು."

"ಬುದ್ಧೀ, ಇನ್ನು ಏಳೇ ನಿಮಿಷ ಇರೋದು."

"ಏಳು ನಿಮಿಷ ಬೇಕಾಗಲ್ಲ, ಬಗ್ಗು."

ಬಗ್ಗಿದ. ಗುರುಗಳು ಗಂಟೆನ ಅವನ ಕೊರಳಿಗೆ ಕಟ್ಟಿದರು.

"ಈಗ ಅಂಬೆಗಾಲಲ್ಲಿ ಹೋಗಿ ಕೌಲಿ ಹಾಲು ಕುಡಿ."

"ನಾನಾ?"

"ಗಂಟೆ ಯಾರ ಕೊರಳಲ್ಲಿದೆಯಪ್ಪಾ?"

ಗುರು ಹೇಳಿದ ಮೇಲೆ ಮುಗೀತು. ಉಮಾಪತಿ ಪಂಚೆ ಎತ್ತಿ ಕಟ್ಟಿ, ಟಿಣ್ ಟಿಣ್ ಅನ್ನಿಸ್ತಾ ಕೆಚ್ಚಲ ಕಡೆ ಹೊರಟ. ಕೌಲಿ ಕತ್ತು ತಿರುಗಿಸಿ ಅವನನ್ನ ಮೂಸಿದಳು. ಆಮೇಲೆ ಒಂದು ಒದೆ ಬಿಟ್ಟಳು ನೋಡಿ, ಉಮಾಪತಿ ಹೋಗಿ ಸಗಣಿ ಗುಡ್ಡೆ ಮೇಲೆ ಕೂತ.

"ಗಂಟೆ ಕರುವಿಂದೇ ತಾನೆ?" ಗುರುಗಳು ಕೇಳಿದರು.

"ಹೌದು ಬುದ್ಧಿ."

"ನೀನು ಕರುನಾ ಅಂತ ಅವಳು ನಿನ್ನನ್ನ ಕೇಳಿದ್ಲಾ?"

"ಇಲ್ಲ ಬುದ್ಧಿ. ಮೂಸಿದ್ಲು."

"ಹ್ಞೂಂ."

ಉಮಾಪತಿ ಸೊಂಟ ಹಿಡ್ಕೊಂಡು ಎದ್ದ. "ಫೋನ್ ಮೂಸಿದ್ರೆ ಏನ್ ವಾಸನೆ ಬರುತ್ತೆ ಬುದ್ಧಿ?"

"ಈಗ ಸಗಣಿದೇ ಬರುತ್ತೆ. ಕೈ ತೊಳ್ಕೊಂಡು ಪಾಸ್‌ಬುಕ್ ತಗೊಂಬಾ. ಅದರ ಮೇಲೆ ಬ್ಯಾಂಕಿನ ನಂಬರ್ ಇದೆಯಲ್ಲ, ಅದಕ್ಕೆ ಮಾಡು. ಮೆಸೇಜಲ್ಲಿರೋದಕ್ಕಲ್ಲ."

ಮಾಡಿದ. ಆ ಕಡೆ ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು.

"ನಾವು ಅಂಥ ಮೆಸೇಜ್ ಕಳಿಸೇ ಇಲ್ಲ ಸಾರ್. ಓಟಿಪಿ ಏನಾದ್ರೂ ಕೊಟ್ರಾ?"

"ಇಲ್ಲ ಮೇಡಂ. ಅಷ್ಟರಲ್ಲಿ ಹಸು ಒದೀತು."

ಆ ಕಡೆಯಿಂದ ಕೀಬೋರ್ಡ್ ಟಕಟಕ ಕೇಳಿಸ್ತು.

"ಒಳ್ಳೇದಾಯ್ತು ಸಾರ್. ಓಟಿಪಿನ ನಾವೂ ಯಾವತ್ತೂ ಕೇಳಲ್ಲ. ಕಾರ್ಡ್ ನಂಬರ್ ಅವರ ಕೈಗೆ ಹೋಗಿದೆ, ಹಾಗಾಗಿ ಆ ಕಾರ್ಡ್ ಈಗಲೇ ನಿಲ್ಲಿಸ್ತೀನಿ. ದುಡ್ಡು ಪೂರ್ತಿ ಹಂಗೇ ಇದೆ."

ಉಮಾಪತಿಗೆ ಹೋದ ಜೀವ ಬಂದಂಗಾಯ್ತು. ಮೊದಲು ಕೌಲಿಗೆ ಕೈ ಮುಗಿದ, ಸ್ವಲ್ಪ ದೂರದಿಂದಲೇ. ಆಮೇಲೆ ಗುರುಗಳ ಕಾಲಿಗೆ ಬಿದ್ದ.

"ಇನ್ಮೇಲೆ ಯಾರು ಏನೇ ಕಳಿಸಲಿ, ನಿಮ್ಮನ್ನ ಕೇಳ್ದೆ ಒಂದ್ ಬೆರಳೂ ಆಡಿಸಲ್ಲ ಬುದ್ಧಿ. ನೀವು ಹೇಳಿದ್ದನ್ನ ಕಣ್ಣು ಮುಚ್ಕೊಂಡು ಮಾಡ್ತೀನಿ."

"ನಾನು ಹೇಳಿದ್ದನ್ನ ಯಾಕೆ?"

"ನೀವು ದೊಡ್ಡ ಜ್ಞಾನಿಗಳು."

"ಹಂಗಂತ ಯಾರು ಹೇಳಿದ್ದು?"

"ಏನ್ ಬುದ್ಧಿ ಹಿಂಗಂತೀರ. ಹೆಬ್ಬಾಗಿಲಲ್ಲೇ ಬೋರ್ಡ್ ಇದೆಯಲ್ಲ, 'ಮಹಾಜ್ಞಾನಿ ಶ್ರೀ ಗುರುಸಿದ್ಧಯ್ಯನವರು' ಅಂತ. ಇಷ್ಟು ದಪ್ಪ ಅಕ್ಷರದಲ್ಲಿ."

ಗುರುಗಳು ಅವನ ಬೆನ್ನ ಮೇಲಿದ್ದ ಸಗಣಿ ಒರೆಸಿದರು.

"ಅದನ್ನ ಬರೆಸಿದ್ದು ನಾನೇ ಕಣೋ."