ಗುಡ್ಡದ ಗಾಳಿ, ಕಂಬಳಿಯ ದರ

“ಗುರುಗಳೇ, ನ್ಯಾಯವಾಗಿ ನಡೆದುಕೊಂಡರೂ ಜನ ಯಾಕೆ ಬಯ್ಯುತ್ತಾರೆ?” ಎಂದು ಶಿಷ್ಯ ಕೇಳಿದ.

ಕರೆಂಟಿನ ದರ ಗೊತ್ತುಮಾಡುವ ಸಮಿತಿಯಲ್ಲಿ ಅವನೊಬ್ಬ ಸದಸ್ಯ. ಗಾಳಿಯಂತ್ರಗಳಿರುವ ಗುಡ್ಡದ ಊರಿನವರು ಅಂದು ತಮ್ಮ ಬಿಲ್ಲುಗಳನ್ನೆಲ್ಲ ಅವನ ಮೇಜಿನ ಮೇಲೆ ಎಸೆದು ಹೋಗಿದ್ದರು. “ಗಾಳಿ ತಮ್ಮದಂತೆ, ಯಂತ್ರಗಳ ಸದ್ದು ಸಹಿಸುವವರೂ ತಾವೇ ಅಂತೆ, ಬಿಲ್ಲು ಕಡಿಮೆಯಾಗಬೇಕಂತೆ. ಎಲ್ಲಕ್ಕಿಂತ ದುಬಾರಿ ಕರೆಂಟಿಗೆ ಬೀಳುವ ದರವೇ ಎಲ್ಲರಿಗೂ, ಎಲ್ಲರಿಗೂ ಒಂದೇ ದರ ಎಂದು ಎಷ್ಟು ಸಲ ಬಡಿದುಕೊಳ್ಳಲಿ? ತಲೆ ಚಿಟ್ಟುಹಿಡಿದುಹೋಯಿತು.”

ಗುರುಗಳು ಈ ಕತೆ ಹೇಳಿದರು.

ಬಯಲಿನ ಒಂಬತ್ತು ಊರುಗಳಲ್ಲಿ ಸರಿಯಾಗಿ ಗಾಳಿ ಬೀಸುತ್ತಿರಲಿಲ್ಲ. ಜೋಳ ತೂರುವಾಗ ಆಳುಗಳು ಎರಡೂ ಕಡೆ ಹಿಡಿದು ಕಂಬಳಿ ಬೀಸಬೇಕಿತ್ತು. ಅವರ ಕೂಲಿ ಚೀಲಕ್ಕೆ ನಾಲ್ಕು ಸೇರು. ಹತ್ತನೆಯ ಊರು ಗುಡ್ಡದ ಮೇಲಿತ್ತು. ಅಲ್ಲಿ ಮೊರ ಎತ್ತಿದರೆ ಸಾಕು, ಗಾಳಿಯೇ ಹೊಟ್ಟು ಹಾರಿಸುತ್ತಿತ್ತು. ಆ ಊರಿನ ಒಬ್ಬ ಹೆಂಗಸು ತನ್ನ ಮೂರು ಚೀಲ ಜೋಳವನ್ನು ಅಂಗಳದಲ್ಲೇ ತೂರಿಕೊಂಡು, ಯಾರಿಗೂ ಒಂದು ಕಾಳು ಕೊಡದೆ, ಮಕ್ಕಳೊಂದಿಗೆ ಮುಂದಿನ ಸುಗ್ಗಿಯವರೆಗೆ ಹೇಗೋ ದೂಡುತ್ತಿದ್ದಳು.

ಹತ್ತೂರಿನ ಯಜಮಾನ ಇದನ್ನು ಕಂಡ. ಅವಳ ಮನೆಯ ಮಗ್ಗುಲಲ್ಲೇ ದೊಡ್ಡ ಕಣ ಮಾಡಿಸಿದ. ಒಂಬತ್ತೂರಿನ ಗಾಡಿಗಳು ಗುಡ್ಡ ಹತ್ತಿದವು. ಅಲ್ಲಿ ತೂರಿ ಮುಗಿಯದೆ ಉಳಿದ ಜೋಳಕ್ಕೆ ಕೆಳಗೆ ಕಂಬಳಿ ಬೀಸುವುದು ಮಾತ್ರ ತಪ್ಪಲಿಲ್ಲ. ಆಗ ಯಜಮಾನ ಒಂದು ಕಟ್ಟಳೆ ಮಾಡಿದ. ಹತ್ತೂರಿನಲ್ಲಿ ಎಲ್ಲಾದರೂ ಒಂದೇ ಒಂದು ಕಂಬಳಿ ಬೀಸಿದರೂ ಅಂದು ಎಲ್ಲರೂ ಕಂಬಳಿಯ ದರವನ್ನೇ ಕೊಡಬೇಕು. ಸ್ವಂತ ಅಂಗಳದಲ್ಲಿ ತೂರಿಕೊಂಡವರೂ ಇದಕ್ಕೆ ಹೊರತಲ್ಲ. ಗಾಳಿಗೆ ತೂರಿದವರು ಕೊಟ್ಟ ಜೋಳ ಯಾವ ಆಳಿಗೂ ಸೇರದೆ ಯಜಮಾನನ ಕಣಜಕ್ಕೆ ಹೋಯಿತು.

ಹೆಂಗಸು ಹನ್ನೆರಡು ಸೇರು ಅಳೆದು ಕೊಟ್ಟಳು. ಅದು ಅವಳ ಮನೆಯ ಅರ್ಧ ತಿಂಗಳ ರೊಟ್ಟಿ. ಅದು ಸಾಲದೆಂಬಂತೆ ಹತ್ತೂರಿನ ಹೊಟ್ಟೆಲ್ಲ ಹಾರಿ ಬಂದು ಅವಳ ಮನೆಯೊಳಗೇ ಬೀಳುತ್ತಿತ್ತು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ರಾಶಿ. ನಾದಿದ ಹಿಟ್ಟಿನಲ್ಲಿ ಹೊಟ್ಟು, ಮಗುವಿನ ಕಣ್ಣಿನಲ್ಲಿ ಹೊಟ್ಟು. ಅವಳಿಗೆ ರೋಸಿಹೋಯಿತು. ಕೈಯಲ್ಲಿದ್ದ ಪೊರಕೆಯೊಂದಿಗೇ ಹೋಗಿ ಯಜಮಾನನ ಮುಂದೆ ನಿಂತಳು.

“ಯಜಮಾನ್ರೇ, ನನ್ನ ಜೋಳಕ್ಕೆ ಕಂಬಳಿ ಬೀಸಿದ ಆಳು ಯಾರು? ಅವನನ್ನು ತೋರಿಸಿ, ನಾನೇ ಅವನ ಕೈಗೆ ಕೂಲಿ ಕೊಡ್ತೀನಿ.”

“ಏನಮ್ಮಾ ನಿನ್ನ ರಗಳೆ? ಹತ್ತೂರಿಗೂ ಒಂದೇ ಅಳತೆ. ನಿನಗೊಂದು, ಅವರಿಗೊಂದು ಅಂತ ಮಾಡಿದರೆ ನ್ಯಾಯವಾಗುತ್ತಾ?”

“ಆಗಲಿ. ಹಾಗಾದರೆ ಈ ಹೊಟ್ಟನ್ನೂ ಹತ್ತೂರಿಗೆ ಒಂದೇ ಅಳತೆಯಲ್ಲಿ ಹಂಚಿಬಿಡಿ” ಎಂದು ಅವಳು ಪೊರಕೆಯನ್ನು ಅವನ ಮುಂದೆ ಹಾಕಿದಳು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ, “ಅದಕ್ಕೆ ಯಜಮಾನ ಏನೆಂದ?” ಎಂದು ಕೇಳಿದ.

“ನೀನೇ ಹೇಳಬೇಕಪ್ಪಾ, ಆ ಪೊರಕೆ ಇವತ್ತು ನಿನ್ನ ಮೇಜಿನ ಮೇಲೆ ಬಿದ್ದಿದೆ” ಎಂದರು ಗುರುಗಳು.