ಬಾಳವ್ವನ ಬಳೆ

ಪೈಲ್ವಾನನೊಬ್ಬನ ಕರುಳಿನಲ್ಲಿ ಬಾಳವ್ವ ಎಂಬ ಬ್ಯಾಕ್ಟೀರಿಯಾ ಇದ್ದಳು. ಆ ಕರುಳು ಎಷ್ಟು ಉದ್ದವೆಂದರೆ, ಬೆಳಗ್ಗೆ ನುಂಗಿದ ರೊಟ್ಟಿ ಅವಳ ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ಮುಪ್ಪು ಬಂದಿರುತ್ತಿತ್ತು! ಒಂದು ದಿನ ಬಳೆಯಂತೆ ದುಂಡಗಿದ್ದ ವಂಶವಾಹಿಯೊಂದು ತೇಲುತ್ತ ಬಂದು ಅವಳ ಬಾಗಿಲು ತಟ್ಟಿತು.

“ನಿಮ್ಮಂಥ ಜೀವಾಣುಗಳನ್ನು ಕೊಲ್ಲುವ ಮಾತ್ರೆ ಕರಗಿ ಬರುತ್ತಿದೆ, ಬಾಳವ್ವಾ. ನಾನು ಹೊಕ್ಕ ಮನೆಗೆ ಸಾವು ಹೊಕ್ಕಿದ್ದೇ ಇಲ್ಲ. ಜಾಗ ಕೊಡು.”

ಬಾಳವ್ವ ಒಳಗೆ ಕರೆದಳು. ಬಳೆ ಕೂತಲ್ಲೇ ತನ್ನಂಥದೇ ಇನ್ನೊಂದು ಬಳೆಯನ್ನು ಹೆಣೆದು, “ಇದನ್ನು ಪಕ್ಕದ ಮನೆಯ ತುಂಗವ್ವನಿಗೆ ದಾಟಿಸಲೇ?” ಎಂದು ಕೇಳಿತು.

“ಆ ಬಾಯಿಬಡುಕಿಗಾ? ಬೇಡ. ನಾನೊಬ್ಬಳೇ ಉಳಿದರೆ ಇಡೀ ಕರುಳು ನನ್ನದೇ!”

ಅಷ್ಟರಲ್ಲಿ ಮಾತ್ರೆಯ ವಿಷ ನೀಲಿ ಮಂಜಿನಂತೆ ಇಳಿಯತೊಡಗಿತು. ಅದು ಮುಟ್ಟಿದ ಮನೆಗಳೆಲ್ಲ ನಿದ್ದೆಹೋದಂತೆ ಸುಮ್ಮನಾದವು. ಏನೂ ಅರಿಯದ ತುಂಗವ್ವ ಎಂದಿನಂತೆ ಕೂಗಿದಳು: “ಏ ಹೊಟ್ಟೆಬಾಕಿ, ರೊಟ್ಟಿಯ ನಾರು ಒಡೆದಿಟ್ಟಿದ್ದೇನೆ. ನಿನ್ನ ಪಾಲು ತಗೊಂಡು ಹೋಗು!”

ನಾರು ಒಡೆಯುವುದು ಬಾಳವ್ವನಿಗೆ ಹುಟ್ಟಿದಾಗಿನಿಂದ ಬಾರದು. ಅವಳು ಗಾಬರಿಯಿಂದ ನೂಲಿನಂಥ ಸೇತುವೆ ಚಾಚಿದಳು. ಹೊಸ ಬಳೆ ಅದರ ಮೇಲೆ ಮಂಜಿಗಿಂತ ಕೂದಲೆಳೆಯಷ್ಟು ಮುಂದೆ ಓಡಿತು.

“ಕೈ ನೀಡೇ ತುಂಗವ್ವಾ, ಬೇಗ ತೊಟ್ಟುಕೋ! ನೀನಿಲ್ಲದ ಕರುಳನ್ನು ಕಟ್ಟಿಕೊಂಡು ನಾನೇನು ಉಣ್ಣಲಿ?”